ಬಾವಿಯಿರುವ 12 ಸೆಂಟ್ಸಿಗೆ ಯಾವ ಸೆಪ್ಟಿಕ್ ಟ್ಯಾಂಕ್? ಪಂಚಾಯತ್ ಪರವಾನಗಿಯ ದೃಷ್ಟಿಯಿಂದ ಒಂದು ಹೋಲಿಕೆ

ಒಳಚರಂಡಿ ಇಲ್ಲದ, ಸದ್ಯಕ್ಕೆ ಬರುವ ಸೂಚನೆಯೂ ಕಾಣದ ಗ್ರಾಮ ಪಂಚಾಯತ್ ವ್ಯಾಪ್ತಿಯಲ್ಲಿ ಮನೆ ಕಟ್ಟಿಸುವವರಿಗೆ ಶೌಚದ ನೀರನ್ನು ವಿಲೇವಾರಿ ಮಾಡಲು ಇರುವ ದಾರಿಗಳು ನಾಲ್ಕೈದು ಮಾತ್ರ. ಅವುಗಳಲ್ಲಿ ಮೂರು ನನ್ನ ಸ್ವಂತ ಅನುಭವಕ್ಕೆ ಬಂದಿವೆ: ಹಿರಿಯರ ಮನೆಯ ಒಂಟಿ ಕಲ್ಲುಗುಂಡಿ, ಹೊಸ ಮನೆಗೆಂದು ಮೊದಲು ತರಿಸಿದ ಪ್ಲಾಸ್ಟಿಕ್ಕಿನ ರೆಡಿಮೇಡ್ ಟ್ಯಾಂಕ್, ಅದನ್ನು ಕಿತ್ತ ಮೇಲೆ ಕಟ್ಟಿಸಿದ ಎರಡು ಕೋಣೆಯ ಕಾಂಕ್ರೀಟ್ ಟ್ಯಾಂಕ್ ಮತ್ತು ಅದರಿಂದ ಹೊರಬರುವ ನೀರನ್ನು ನೆಲಕ್ಕೆ ಇಳಿಸಲು ಜೋಡಿಸಿದ ಇಂಗುಕಾಲುವೆ. ನಾಲ್ಕನೆಯದಾದ, ಒಂದು ತುಂಬಿದ ಮೇಲೆ ಇನ್ನೊಂದನ್ನು ಬಳಸುವ ಅವಳಿ ಗುಂಡಿಯನ್ನು ಮಂಜೇಶ್ವರದಲ್ಲಿರುವ ಅಕ್ಕನ ಮನೆಯಲ್ಲಿ ಹತ್ತಿರದಿಂದ ಕಂಡಿದ್ದೇನೆ. ಕರಾವಳಿಯಲ್ಲಿ ಸ್ವಂತ ಬಾವಿಯ ನೀರು ಕುಡಿಯುವ ಮನೆಗೆ ಕಟ್ಟಿಸಿದ ಟ್ಯಾಂಕು ಮತ್ತು ಇಂಗುಕಾಲುವೆಯ ಜೋಡಿಯನ್ನೇ ನಾನು ಹೇಳುವುದು. ಅದು ಅಗ್ಗವೆಂದಲ್ಲ, ಸುಲಭವೆಂದೂ ಅಲ್ಲ. ಪರವಾನಗಿಯ ಕಾಗದದಲ್ಲಿ ಬರೆದದ್ದಕ್ಕೂ ನೆಲದಲ್ಲಿ ಇರುವುದಕ್ಕೂ ತಾಳೆಯಾಗುವ ವ್ಯವಸ್ಥೆ ನಾನು ಕಂಡವುಗಳಲ್ಲಿ ಅದೊಂದೇ.

ಮೊದಲು ಪರವಾನಗಿಯ ಮಾತು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯತಿನ ಅನುಮತಿಯಿಲ್ಲದೆ ಮನೆ ಕಟ್ಟುವಂತಿಲ್ಲ. ಸೆಪ್ಟಿಕ್ ಟ್ಯಾಂಕಿಗೆಂದು ನಮ್ಮಲ್ಲಿ ಬೇರೆ ಅರ್ಜಿ ಕೇಳಲಿಲ್ಲ. ಮನೆಯ ನಕ್ಷೆಯಲ್ಲಿ ಎಂಜಿನಿಯರು ಟ್ಯಾಂಕಿಗೆಂದು ಎಳೆಯುವ ಒಂದು ಸಣ್ಣ ಆಯತ ಮತ್ತು ಅದರ ಪಕ್ಕದಲ್ಲಿ ಇಂಗುಗುಂಡಿಗೆಂದು ಒಂದು ವೃತ್ತ, ಇವೆರಡೇ ಅದರ ಅರ್ಜಿ. ಆಸ್ತಿಯ ದಾಖಲೆಯಾದ ನಮೂನೆ 9/11, ಭೂಪರಿವರ್ತನೆಯ ಆದೇಶ, ಏಕ ನಿವೇಶನದ ನಕ್ಷೆ ಇವುಗಳನ್ನು ತಿರುವಿ ತಿರುವಿ ನೋಡುವ ಕಚೇರಿಯಲ್ಲಿ ಆ ಆಯತದ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ಅದರ ಅಳತೆಗೆ ಆಧಾರ ಭಾರತೀಯ ಮಾನಕ ಬ್ಯೂರೋದ ಐಎಸ್ 2470 ಎಂಬ 1985ರ ಸಂಹಿತೆ. ಅದರ ಮೊದಲ ಭಾಗ ಟ್ಯಾಂಕಿನದು, ಎರಡನೆಯದು ಟ್ಯಾಂಕಿನಿಂದ ಹೊರಬರುವ ನೀರಿನದು. ಜನ ಓದುವುದಿದ್ದರೆ ಮೊದಲನೆಯದನ್ನು ಓದುತ್ತಾರೆ, ತೊಂದರೆಗಳೆಲ್ಲ ಇರುವುದು ಎರಡನೆಯದರಲ್ಲಿ.

ಒಂಟಿ ಕಲ್ಲುಗುಂಡಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೆಂಪುಕಲ್ಲನ್ನು ಗಾರೆಯಿಲ್ಲದೆ ಸುತ್ತಲೂ ಜೋಡಿಸಿ, ತಳವನ್ನು ಮಣ್ಣಿಗೇ ಬಿಟ್ಟು, ಮೇಲೆ ಸ್ಲ್ಯಾಬ್ ಹಾಕಿದ ಈ ಗುಂಡಿಯನ್ನೇ ನಮ್ಮ ಕಡೆ ಮೇಸ್ತ್ರಿಗಳು ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುತ್ತಾರೆ, ನಕ್ಷೆಯಲ್ಲಿಯೂ ಹಾಗೆಯೇ ಬರೆಯುತ್ತಾರೆ. ಹಿರಿಯರ ಮನೆಯಲ್ಲಿ ಅದು ದಶಕಗಳ ಕಾಲ ತುಂಬಲೇ ಇಲ್ಲ. ಇದನ್ನು ಗುಂಡಿಯ ಹೆಗ್ಗಳಿಕೆ ಎಂದು ಹೇಳುವವರಿದ್ದಾರೆ. ನೀರು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಕರಾವಳಿಯ ಕೆಂಪುಕಲ್ಲಿನ ಪದರ ರಂಧ್ರಮಯ, ನೀರನ್ನು ಬೇಗ ಬಿಟ್ಟುಕೊಡುತ್ತದೆ. ಅದರ ಕೆಳಗಿನ ಶೇಡಿ ಮಣ್ಣು ಬಿಟ್ಟುಕೊಡುವುದಿಲ್ಲ. ಆದ್ದರಿಂದ ಇಂಗಿದ ನೀರು ಶೇಡಿಯ ಮೇಲೆ ನಿಂತು, ಇಳಿಜಾರು ಇದ್ದ ಕಡೆಗೆ ಅಡ್ಡಡ್ಡ ಹರಿಯುತ್ತದೆ. ನಮ್ಮ ಬಾವಿಗಳಿಗೆ ನೀರು ಬರುವುದೂ ಬಹುಮಟ್ಟಿಗೆ ಅದೇ ದಾರಿಯಿಂದ. ಕುಡಿಯುವ ನೀರಿನ ಯಾವುದೇ 100 ಮಿಲಿಲೀಟರ್ ಮಾದರಿಯಲ್ಲಿಯೂ ಮಲದಿಂದ ಬರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಕಾಣಿಸಬಾರದು ಎಂಬುದು ಐಎಸ್ 10500ರ ಮಾತು. ಹಿರಿಯರ ಮನೆಯ ಬಾವಿಯ ನೀರನ್ನು ಮಳೆಗಾಲದಲ್ಲಿ ಪರೀಕ್ಷೆಗೆ ಕೊಟ್ಟಾಗ ಅದು ಕಾಣಿಸಿತು. ಸ್ಲ್ಯಾಬಿನಲ್ಲಿ ಬಾಯಿಯನ್ನೇ ಬಿಟ್ಟಿರಲಿಲ್ಲವಾದ್ದರಿಂದ ಖಾಲಿ ಮಾಡಿಸಲು ಅದನ್ನು ಒಡೆಸಬೇಕಾಯಿತು. ಹಿಂದೆ ಇಂಥ ಗುಂಡಿಗೆ ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನೇ ಇಳಿಸುತ್ತಿದ್ದರು. ಮಲ ಹೊರುವ ವೃತ್ತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಈಗ ಅದು ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ.

ರೆಡಿಮೇಡ್ ಟ್ಯಾಂಕಿನ ಆಕರ್ಷಣೆ ನನಗೂ ಅರ್ಥವಾಗುತ್ತದೆ. ಜೆಸಿಬಿ ಬಂದು ಗುಂಡಿ ತೆಗೆದರೆ ಒಂದೇ ದಿನದ ಕೆಲಸ, ಮೇಸ್ತ್ರಿಯ ದಾರಿ ಕಾಯಬೇಕಾಗಿಲ್ಲ, ಸೋರುವ ಭಯವೂ ಇಲ್ಲ. ಮಾರಿದವರು ಇದಕ್ಕೆ ಇಂಗುಗುಂಡಿಯೇ ಬೇಡವೆಂದೂ ಹೊರಬರುವ ನೀರನ್ನು ರಸ್ತೆ ಬದಿಯ ಚರಂಡಿಗೆ ಬಿಡಬಹುದೆಂದೂ ಹೇಳಿ, ಪ್ರಮಾಣಪತ್ರವೊಂದರ ನಕಲನ್ನೂ ಕೊಟ್ಟರು. ಪಂಚಾಯತ್ ಕಚೇರಿಯಲ್ಲಿ ಅದನ್ನು ಓದಿದಾಗ ಪ್ಲಾಸ್ಟಿಕ್ಕಿನ ಗಟ್ಟಿತನದ ಬಗ್ಗೆ ಬರೆದಿದ್ದು ಬಿಟ್ಟರೆ ಹೊರಬರುವ ನೀರಿನ ಗುಣದ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ರಸ್ತೆ ಬದಿಯ ಚರಂಡಿ ಇರುವುದು ಮಳೆನೀರಿಗೆ. ಟ್ಯಾಂಕ್ ಯಾವುದೇ ಆಗಿರಲಿ, ಅದರಲ್ಲಿ ಕೆಸರು ತಳಕ್ಕೆ ಕೂರುತ್ತದೆಯೇ ಹೊರತು ರೋಗಾಣುಗಳೆಲ್ಲ ಸಾಯುವುದಿಲ್ಲ, ಆದ್ದರಿಂದ ಹೊರಬರುವ ನೀರು ನೆಲದಲ್ಲಿ ಇಂಗಲೇಬೇಕು. ಅಂದರೆ ಯಾವ ಖರ್ಚು ಉಳಿಯುತ್ತದೆಂದು ಅದನ್ನು ಕೊಂಡಿದ್ದೆವೋ ಆ ಖರ್ಚು ಉಳಿಯಲಿಲ್ಲ.

ಅದರ ಕಥೆ ಮುಗಿದದ್ದು ಮೊದಲ ಮಳೆಗಾಲದಲ್ಲಿ. ಮನೆಗೆ ಇನ್ನೂ ಯಾರೂ ಬಂದಿರಲಿಲ್ಲ, ಟ್ಯಾಂಕು ಖಾಲಿಯಿತ್ತು. ಖಾಲಿ ಟ್ಯಾಂಕಿನ ಸುತ್ತ ನೀರು ತುಂಬಿಕೊಂಡರೆ ಏನಾಗುತ್ತದೆಂಬುದು ಸರಳ ಲೆಕ್ಕ: 2,000 ಲೀಟರಿನ ಟ್ಯಾಂಕನ್ನು ನೀರು ಮೇಲಕ್ಕೆ ಒತ್ತುವ ಬಲ ಸುಮಾರು ಎರಡು ಟನ್ನು, ಟ್ಯಾಂಕಿನ ಸ್ವಂತ ಭಾರ ಅದರ ಹತ್ತಿರವೂ ಬರುವುದಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಅದನ್ನು ಕೂರಿಸುವವರು ತಳದಲ್ಲಿ ಕಾಂಕ್ರೀಟಿಗೆ ಬಿಗಿಯಬೇಕಿತ್ತು, ಕೂರಿಸಿದ ದಿನವೇ ನೀರು ತುಂಬಿಸಬೇಕಿತ್ತು. ಎರಡನ್ನೂ ಮಾಡಲಿಲ್ಲ. ಜುಲೈಯಲ್ಲಿ ಅದು ಮಣ್ಣು ಸರಿಸಿಕೊಂಡು ಮೇಲೆದ್ದು, ಪೈಪುಗಳನ್ನು ಮುರಿದುಕೊಂಡು, ಅಂಗಳದಲ್ಲಿ ಎಮ್ಮೆ ಮಲಗಿದಂತೆ ಮಲಗಿತ್ತು. ಗ್ಯಾರಂಟಿ ಟ್ಯಾಂಕು ಒಡೆದರೆ ಮಾತ್ರ ಎಂಬ ಉತ್ತರ ಬಂತು. ಟ್ಯಾಂಕು ಒಡೆದಿರಲಿಲ್ಲ, ಅದು ನಿಜವೇ.

ಇನ್ನು ಎಲ್ಲಕ್ಕಿಂತ ಹೆಚ್ಚು ತಲೆ ತಿಂದ ಸಂಗತಿ, ಬಾವಿಯಿಂದ ಬಿಡಬೇಕಾದ ದೂರ. ಇದು ಯಾವ ಟ್ಯಾಂಕನ್ನು ಆರಿಸಿಕೊಂಡರೂ ಬಿಡುವುದಿಲ್ಲ, ಆದರೆ ಎಲ್ಲ ಟ್ಯಾಂಕುಗಳೂ ಇದಕ್ಕೆ ಒಂದೇ ರೀತಿಯಲ್ಲಿ ಒಗ್ಗುವುದಿಲ್ಲ. ಐಎಸ್ 2470ರ ಎರಡನೆಯ ಭಾಗದ ಪ್ರಕಾರ ನೀರು ಇಂಗಿಸುವ ಜಾಗ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್, ವಾಸದ ಮನೆಯಿಂದ 6 ಮೀಟರ್ ದೂರವಿರಬೇಕು. ಕೇಳುವುದಕ್ಕೆ ಚೆನ್ನಾಗಿದೆ. 18 ಮೀಟರ್ ತ್ರಿಜ್ಯದ ವೃತ್ತ ಎಳೆದರೆ ಅದರ ವಿಸ್ತೀರ್ಣ ಸುಮಾರು 1,018 ಚದರ ಮೀಟರ್, ನಮ್ಮ ಲೆಕ್ಕದಲ್ಲಿ 25 ಸೆಂಟ್ಸ್. ನಮ್ಮ ಜಾಗವಿರುವುದು 12 ಸೆಂಟ್ಸ್, ಹೆಚ್ಚುಕಡಿಮೆ 22 ಮೀಟರ್ ಚೌಕ. ಒಂದು ಬಾವಿಯ ವೃತ್ತವೇ ನಮ್ಮ ಜಾಗದ ಎರಡರಷ್ಟಿದೆ, ನಮ್ಮ ಸಾಲಿನಲ್ಲಿ ಬಾವಿಯಿಲ್ಲದ ಮನೆಯೇ ಇಲ್ಲ.

ಇದರ ಮೇಲೆ ವಾಸ್ತು. ಬಾವಿ ಈಶಾನ್ಯಕ್ಕೆ, ಶೌಚಗುಂಡಿ ವಾಯವ್ಯಕ್ಕೆ ಎಂಬುದನ್ನು ನಮ್ಮ ಸಾಲಿನ ಎಲ್ಲರೂ ನಿಷ್ಠೆಯಿಂದ ಪಾಲಿಸಿದ್ದಾರೆ. ಒಂಟಿ ಮನೆಗೆ ಇದರಿಂದ ತೊಂದರೆಯಿಲ್ಲ. ಬಾವಿ ಒಂದು ಮೂಲೆ, ಗುಂಡಿ ಇನ್ನೊಂದು ಮೂಲೆ. ಆದರೆ ಪೂರ್ವ ಪಶ್ಚಿಮವಾಗಿ ಸಾಲಾಗಿ ಮನೆಗಳಿದ್ದಾಗ ನನ್ನ ವಾಯವ್ಯ ಮೂಲೆ ಪಶ್ಚಿಮದ ಮನೆಯವರ ಈಶಾನ್ಯ ಮೂಲೆಗೆ ಅಂಟಿಕೊಂಡಿರುತ್ತದೆ. ನಾನು ಶಾಸ್ತ್ರದಂತೆ ಗುಂಡಿ ತೆಗೆಸಿದರೆ ಅದು ಅವರು ಶಾಸ್ತ್ರದಂತೆ ತೋಡಿಸಿದ ಬಾವಿಯಿಂದ ನಾಲ್ಕೈದು ಮೀಟರಿನಲ್ಲಿ ಬೀಳುತ್ತದೆ, ನಡುವೆ ಇರುವುದು ಒಂದು ಆವರಣಗೋಡೆ ಮಾತ್ರ. ಹೀಗೆ ಸಾಲಿನ ಉದ್ದಕ್ಕೂ ಪ್ರತಿಯೊಬ್ಬರ ಗುಂಡಿಯೂ ಪಕ್ಕದವರ ಬಾವಿಯನ್ನು ಕಾಯುತ್ತಿದೆ. ನಮ್ಮ ನಕ್ಷೆಯಲ್ಲಿ ಎಂಜಿನಿಯರು ಕೇಳದೆಯೇ ವಾಯವ್ಯದಲ್ಲಿ ವೃತ್ತ ಹಾಕಿದ್ದರು, ಪಂಚಾಯತ್ ಅದಕ್ಕೆ ಪರವಾನಗಿಯನ್ನೂ ಕೊಟ್ಟಿತ್ತು. ನಕ್ಷೆಯಲ್ಲಿ ನನ್ನ ಬಾವಿ ಇತ್ತು, ಪಕ್ಕದವರ ಬಾವಿ ಇರಲಿಲ್ಲ, ಏಕೆಂದರೆ ಅದು ನನ್ನ ಜಾಗವಲ್ಲ. ಪಕ್ಕದ ಮನೆಯವರು ತಕರಾರು ಅರ್ಜಿ ಕೊಟ್ಟ ಮೇಲೆಯೇ ಪಿಡಿಒ ಟೇಪು ಹಿಡಿದು ಸ್ಥಳಕ್ಕೆ ಬಂದದ್ದು. ಅವರ ಅರ್ಜಿಯಲ್ಲಿ ನ್ಯಾಯವಿತ್ತು. ಅವರ ಸ್ವಂತ ಗುಂಡಿ ಅದರಾಚೆಯ ಮನೆಯ ಬಾವಿಯ ಪಕ್ಕದಲ್ಲಿದೆ ಎಂಬ ಮಾತನ್ನು ನಾನು ಎತ್ತಲಿಲ್ಲ.

ಜಾಗದ ಅಳತೆಯನ್ನು ಹಾಳೆಯ ಮೇಲೆ ಹಾಕಿಕೊಂಡು, ಕಂಪಾಸಿನಿಂದ ನಮ್ಮ ಬಾವಿಗೂ ಪಶ್ಚಿಮದ ಮನೆಯವರ ಬಾವಿಗೂ ವೃತ್ತ ಎಳೆದು ನೋಡಿದಾಗ ಉಳಿದದ್ದು ದಕ್ಷಿಣದ ಗಡಿಯ ಹತ್ತಿರ, ನಡುಭಾಗದಲ್ಲಿ, ಒಂದು ಉದ್ದನೆಯ ಪಟ್ಟಿ. ಪೂರ್ವದ ಮನೆಯವರ ಬಾವಿ ಅವರ ಈಶಾನ್ಯದಲ್ಲಿ, ನಮ್ಮಿಂದ ಸಾಕಷ್ಟು ದೂರ. ರಸ್ತೆಯಾಚೆ ಅಡಿಕೆ ತೋಟ. ನಾಲ್ಕು ವ್ಯವಸ್ಥೆಗಳ ನಡುವಿನ ನಿಜವಾದ ವ್ಯತ್ಯಾಸ ಇಲ್ಲಿ ಕಾಣುತ್ತದೆ. ಗುಂಡಿಗೆ ಅಗಲ ಮತ್ತು ಆಳ ಬೇಕು, ಆಳಕ್ಕೆ ಹೋದಷ್ಟೂ ಮಳೆಗಾಲದ ನೀರಿನ ಮಟ್ಟಕ್ಕೆ ಹತ್ತಿರವಾಗುತ್ತೇವೆ. ಇಂಗುಕಾಲುವೆ ಒಂದು ಮೀಟರಿಗಿಂತ ಆಳ ಹೋಗದ, ಜಲ್ಲಿ ತುಂಬಿ ನಡುವೆ ರಂಧ್ರದ ಪೈಪು ಮಲಗಿಸಿದ ಉದ್ದನೆಯ ಕಾಲುವೆ. ಅದು ಪಟ್ಟಿಯ ಆಕಾರಕ್ಕೇ ಹುಟ್ಟಿದ್ದು. ಟ್ಯಾಂಕನ್ನು ಮನೆಗೂ ಕಾಲುವೆಗೂ ನಡುವೆ ಕೂರಿಸಿದೆವು. ಸಂಹಿತೆಯ ಪ್ರಕಾರ 10 ಮಂದಿಗೆ 2 ಮೀಟರ್ ಉದ್ದ, 0.9 ಮೀಟರ್ ಅಗಲ. ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸುವುದಾದರೆ ನೀರಿನ ಆಳ 1.4 ಮೀಟರ್. ಹೀಗೆ 2,000 ಲೀಟರಿಗಿಂತ ದೊಡ್ಡದಾದ್ದರಿಂದ ಒಳಗೆ ಅಡ್ಡಗೋಡೆಯೂ ಬೇಕಾಯಿತು, ಮೊದಲ ಕೋಣೆ ಉದ್ದದ ಮೂರರಲ್ಲಿ ಎರಡು ಭಾಗ. ಆರು ಮೀಟರಿನ ನಿಯಮಕ್ಕಾಗಿ ಮನೆಯ ಪಾಯವನ್ನು ಹಿಂದಕ್ಕೆ ಸರಿಸಬೇಕಾಗಿ ಬರಲಿಲ್ಲ, ಮುಂದಿನ ಅಂಗಳ ಮೊದಲೇ ದೊಡ್ಡದಿತ್ತು. ಕಾಲುವೆಯ ಮೇಲೆ ಕಾರು ನಿಲ್ಲಿಸುವಂತಿಲ್ಲ, ಮರ ನೆಡುವಂತಿಲ್ಲ. ಹುಲ್ಲು ಬೆಳೆಯುತ್ತದೆ, ಅಷ್ಟೇ. ದಕ್ಷಿಣ ಯಮನ ದಿಕ್ಕೆಂದು ಮಾವನವರು ಆಕ್ಷೇಪಿಸಿದರು. ಬಾವಿಯ ನೀರಿನ ವರದಿಯನ್ನು ತೋರಿಸಿದ ಮೇಲೆ ಯಮನ ವಿಷಯದಲ್ಲಿ ಇಬ್ಬರಿಗೂ ಒಮ್ಮತವಾಯಿತು.

ಜಾಗ ಬದಲಾಯಿಸಿದ ಮೇಲೆ ತಿದ್ದಿದ ನಕ್ಷೆಗೆ ಮತ್ತೆ ಪಂಚಾಯತಿನ ಒಪ್ಪಿಗೆ ಪಡೆದೆವು. ಇದನ್ನು ಬಿಟ್ಟುಬಿಡಿ, ಯಾರು ನೋಡುತ್ತಾರೆ ಎಂದು ಹೇಳಿದವರೇ ಹೆಚ್ಚು. ಆದರೆ ಮುಂದೆ ಇನ್ನೊಂದು ತಕರಾರು ಬಂದರೆ ಕೈಯಲ್ಲಿರುವ ಪರವಾನಗಿ ವಾಯವ್ಯದ ಗುಂಡಿಯದಾಗಿರುತ್ತದೆ, ನೆಲದಲ್ಲಿರುವುದು ದಕ್ಷಿಣದ ಕಾಲುವೆಯಾಗಿರುತ್ತದೆ.

ಅಕ್ಕನ ಮನೆಯ ಅವಳಿ ಗುಂಡಿಗೆ ನಾನು ಎರಡನೆಯ ಸ್ಥಾನ ಕೊಡುತ್ತೇನೆ. ಮಂಜೇಶ್ವರ ಕೇರಳಕ್ಕೆ ಸೇರಿದ್ದರಿಂದ ಅಲ್ಲಿನ ಕಟ್ಟಡ ನಿಯಮ ಬೇರೆ: ಬಾವಿಯಿಂದ ಏಳೂವರೆ ಮೀಟರ್, ಗಡಿಯಿಂದ 1.2 ಮೀಟರ್. ಏಳೂವರೆ ಮೀಟರಿನ ವೃತ್ತವೆಂದರೆ ನಾಲ್ಕೂವರೆ ಸೆಂಟ್ಸಿಗಿಂತ ತುಸು ಕಡಿಮೆ. ಸಣ್ಣ ಜಾಗದವರೂ ಪಾಲಿಸಬಹುದಾದ ದೂರ ಅದು, ಆದ್ದರಿಂದ ಅಲ್ಲಿ ನಕ್ಷೆಯ ವೃತ್ತವನ್ನು ಅಳೆದು ಕೇಳುತ್ತಾರೆ. ನಮ್ಮಲ್ಲಿ 18 ಮೀಟರ್ ಎಂದು ಬರೆದು ಅಳೆಯದೆ ಬಿಡುವುದಕ್ಕಿಂತ ಅದು ಮೇಲು ಎಂದು ನನಗೆ ಅನ್ನಿಸಿದೆ. ಆದರೆ ಕೆಂಪುಕಲ್ಲಿನ ನೆಲದಲ್ಲಿ ಏಳೂವರೆ ಮೀಟರ್ ಸಾಕೆಂದು ನಂಬಿ ಆ ಬಾವಿಯ ನೀರನ್ನು ಕಾಯಿಸದೆ ಕುಡಿಯುವ ಧೈರ್ಯ ನನಗಿಲ್ಲ. ಗುಂಡಿಯ ಕ್ರಮ ಸೊಗಸಾಗಿದೆ: ಒಂದು ತುಂಬಿದಾಗ ಚೇಂಬರಿನಲ್ಲಿ ದಾರಿ ತಿರುಗಿಸಿ ಎರಡನೆಯದನ್ನು ಬಳಸಬೇಕು, ಎರಡು ವರ್ಷ ಬಿಟ್ಟು ತೆಗೆದರೆ ಮೊದಲನೆಯದರಲ್ಲಿ ಒಣ ಗೊಬ್ಬರವಿರುತ್ತದೆ, ಸಕ್ಕಿಂಗ್ ಲಾರಿಯ ಹಂಗಿಲ್ಲ. ಸ್ವಚ್ಛ ಭಾರತದ 12,000 ರೂಪಾಯಿಯ ಸಹಾಯಧನದಲ್ಲಿ ಹಳ್ಳಿಗಳಿಗೆ ಹೇಳಿದ ಮಾದರಿಯೂ ಇದೇ. ಆದರೆ ಅಕ್ಕನ ಮನೆಯಲ್ಲಿ ತಂಬಿಗೆ ನೀರಿನ ಅಭ್ಯಾಸ. ನಮ್ಮಲ್ಲಿ ಕಮೋಡು, ಬಟನ್ ಒತ್ತಿದರೆ ಬರುವ ನೀರು, ಹಬ್ಬಕ್ಕೆ ಬರುವ ನೆಂಟರು. ಅಷ್ಟು ನೀರಿಗೆ ಆ ಗುಂಡಿ ಮಳೆಗಾಲದಲ್ಲಿ ತಡೆಯುವುದಿಲ್ಲ.

ಮಲವನ್ನು ಬ್ಯಾಕ್ಟೀರಿಯಾಗಳಿಂದ ಕರಗಿಸುವ ಬಯೋಡೈಜೆಸ್ಟರ್ ಎಂಬುದೊಂದಿದೆ, ಡಿಆರ್‌ಡಿಒ ಅಭಿವೃದ್ಧಿಪಡಿಸಿದ್ದು, ರೈಲು ಬೋಗಿಗಳಲ್ಲಿ ಇರುವುದು. ಫಿನಾಯಿಲ್ ಮತ್ತು ಆ್ಯಸಿಡ್ ಸುರಿಯುವುದನ್ನು ನಿಲ್ಲಿಸದ ಮನೆಗೆ ಅದು ಹೇಳಿಸಿದ್ದಲ್ಲ, ನಮ್ಮದು ಅಂಥ ಮನೆ.

ಖರ್ಚಿನ ಮಾತು ಹೇಳುವುದಾದರೆ ಟ್ಯಾಂಕು ಮತ್ತು ಕಾಲುವೆ ಸೇರಿ ನಮಗೆ ಒಂದು ಲಕ್ಷ ದಾಟಿತು, ರೆಡಿಮೇಡ್ ಟ್ಯಾಂಕಿಗೆ ಕೊಟ್ಟದ್ದು ಅದರ ಕಾಲುಭಾಗವೂ ಅಲ್ಲ. ಬಚ್ಚಲು ಮತ್ತು ಅಡುಗೆಮನೆಯ ನೀರನ್ನು ಮೊದಲಿನಂತೆ ತೆಂಗಿನ ಬುಡಕ್ಕೇ ಬಿಟ್ಟದ್ದರಿಂದ ಕಾಲುವೆಯ ಉದ್ದ ಕಡಿಮೆಯಾಯಿತು, ಖರ್ಚೂ ಅಷ್ಟಕ್ಕೆ ನಿಂತಿತು. ನಳ್ಳಿ ನೀರು ಬರುವ, ಸುತ್ತಮುತ್ತ ಬಾವಿಗಳಿಲ್ಲದ, ಎರಡೇ ಜನರಿರುವ ಮನೆಗೆ ಇಷ್ಟು ಹಣ ಹಾಕಿ ಎಂದು ನಾನು ಹೇಳುವುದಿಲ್ಲ. ಅಲ್ಲಿ ಅವಳಿ ಗುಂಡಿಯೇ ಸಾಕು. ಬಾವಿಯ ನೀರು ಕುಡಿಯುವವರು ಮಾತ್ರ ಎಂಜಿನಿಯರು ನಕ್ಷೆ ಎಳೆಯುವ ಮುನ್ನ ಪಕ್ಕದ ಮನೆಗಳ ಬಾವಿಗಳನ್ನೂ ಅಳೆದು ಅದರಲ್ಲಿ ಗುರುತು ಹಾಕಿಸಲಿ. ಟ್ಯಾಂಕಿನ ಎರಡೂ ಕೋಣೆಗಳಿಗೆ ಬೇರೆ ಬೇರೆ ಮುಚ್ಚಳ ಇಡಿಸಲಿ, ರಸ್ತೆಯಲ್ಲಿ ನಿಂತ ಸಕ್ಕಿಂಗ್ ಲಾರಿಯ ಪೈಪು ಮುಟ್ಟುವಂತಿರಲಿ.