ಕೆಂಪು ಬೆಳಕಿನ ಟೋಪಿಯೋ, ಬೆಳಗಿನ ಬಿಸಿಲೋ?

ಕೂದಲು ಉದುರುತ್ತಿದೆ ಅಂದ ಕೂಡಲೇ, ತಲೆಗೆ ಕೆಂಪು ಬೆಳಕು ಬಿಟ್ಟು ಕೂದಲು ಬೆಳೆಸುತ್ತದೆ ಅನ್ನುವ ಟೋಪಿಯ ಜಾಹೀರಾತು ಕಣ್ಣಿಗೆ ಬೀಳುತ್ತದೆ. "ಸುಮ್ನೆ ಬಿಸಿಲಲ್ಲಿ ನಿಂತರೆ ಸಾಲದಾ?" ಅಂತ ಮನೆಯವರು ಕೇಳುತ್ತಾರೆ. ಎರಡೂ ಬೆಳಕೇ, ಮಾಡುವ ಕೆಲಸ ಮಾತ್ರ ಬೇರೆ.

ಟೋಪಿಯ ಹಿಂದೆ ಒಂದು ಮಜವಾದ ಕಥೆಯಿದೆ. 1967ರಲ್ಲಿ ಹಂಗೇರಿಯ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಬೆನ್ನು ಬೋಳಿಸಿ ಕೆಂಪು ಲೇಸರ್ ಹಾಯಿಸಿದರು. ಕ್ಯಾನ್ಸರ್ ಬರುತ್ತದೆಯೇ ಅಂತ ನೋಡಲು ಹೊರಟರೆ ಕೂದಲು ಬೇಗ ಬೆಳೆಯಿತು! ಈಗಿನ ಸಾಧನಗಳ ಕೆಂಪು ಬೆಳಕಿನ ತರಂಗದ ಉದ್ದ ಸುಮಾರು 650 ನ್ಯಾನೋಮೀಟರ್. ಇದೇ ಬೆಳಕು ಬಿಡುವ ಲೇಸರ್ ಬಾಚಣಿಗೆಗೆ 2007ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿತು. ಬಾಚಣಿಗೆಯಾದರೆ ಕೈ ಆಡಿಸುತ್ತಲೇ ಇರಬೇಕು, ಟೋಪಿಯಾದರೆ ಹಾಕಿಕೊಂಡು ಕಾಫಿ ಕುಡಿಯಬಹುದು. ಯಾವುದೇ ಆದರೂ ವಾರಕ್ಕೆ ಹಲವು ಸಲ, ತಿಂಗಳುಗಟ್ಟಲೆ ಬಳಸಬೇಕು. ವಂಶದಿಂದ ತೆಳ್ಳಗಾಗುವ ಕೂದಲಿಗೆ ಸ್ವಲ್ಪ ಸಹಾಯ ಆದೀತು. ಪೂರ್ತಿ ಬೋಳಾದ ಕಡೆ ಆಸೆ ಬೇಡ.

ಬಿಸಿಲು ಕೂದಲು ಬೆಳೆಸುವ ಮದ್ದಲ್ಲ. ಜಾಸ್ತಿಯಾದರೆ ಕೂದಲು ಒರಟಾಗಿ ಬಣ್ಣ ಮಾಸುತ್ತದೆ. ಆದರೆ ನಿದ್ದೆಗೆ, ಮನಸ್ಸಿಗೆ ಬೆಳಗಿನ ಬೆಳಕೇ ಮೇಲು, ಅದೂ ಪುಕ್ಕಟೆ. ಅದರಲ್ಲಿರುವ ನೀಲಿ ಭಾಗ ಕಣ್ಣಿನ ಮೂಲಕ ದೇಹದ ಗಡಿಯಾರವನ್ನು ಸರಿ ಮಾಡುತ್ತದೆ. ಅದೇ ನೀಲಿ ರಾತ್ರಿ ಮೊಬೈಲಿನಿಂದ ಬಂದರೆ ನಿದ್ದೆ ತರಿಸುವ ಮೆಲಟೋನಿನ್ ಹಾರ್ಮೋನು ತಗ್ಗುತ್ತದೆ. ಮಲಗುವ ಕೋಣೆಗೆ ಬಿಳಿ ಟ್ಯೂಬ್‌ಲೈಟಿಗಿಂತ ಮಂದ ಹಳದಿ ಬಲ್ಬ್ ವಾಸಿ.

ನಾನಾದರೆ ಮೊದಲು ಚರ್ಮದ ಡಾಕ್ಟರಿಗೆ ತೋರಿಸುತ್ತೇನೆ. ಥೈರಾಯ್ಡ್, ಕಬ್ಬಿಣದ ಅಂಶ ಸರಿಯಿದ್ದು, ಇದು ಅಪ್ಪನಿಂದಲೋ ಅಮ್ಮನಿಂದಲೋ ಬಂದದ್ದು ಅಂತ ಗೊತ್ತಾದ ಮೇಲೆ ಟೋಪಿಗೆ ದುಡ್ಡು. ಅಲ್ಲಿಯವರೆಗೆ ಬೆಳಿಗ್ಗೆ ಒಂದು ಸುತ್ತು ವಾಕಿಂಗ್.