ಕೇಂಬ್ರಿಡ್ಜ್‌ನಲ್ಲಿ ಗಣಿತಕ್ಕೆ ಕಾಲೇಜು ಆರಿಸುವ ವ್ಯವಸ್ಥೆ: ಅರ್ಜಿ ಹಾಕಿದವರ ಮನೆಯಿಂದ ಒಂದು ವಿಮರ್ಶೆ

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಬೇಕೆಂದು ಅರ್ಜಿ ಹಾಕುವವರು ವಿಷಯದ ಜೊತೆಗೆ, ತಾವು ವಾಸವಿದ್ದು ಓದುವ ಕಾಲೇಜನ್ನೂ ಸಾಮಾನ್ಯವಾಗಿ ಆರಿಸಬೇಕಾಗುತ್ತದೆ. ಅಲ್ಲಿನ 31 ಕಾಲೇಜುಗಳ ಪೈಕಿ 29ರಲ್ಲಿ ಪದವಿ ತರಗತಿಗೆ ಪ್ರವೇಶವಿದೆ. ಅವುಗಳಲ್ಲಿ ಮೂರು 21 ವರ್ಷ ತುಂಬಿದವರಿಗೆ ಮಾತ್ರ, ಎರಡು ಮಹಿಳೆಯರಿಗೆ ಮಾತ್ರ. ನಮ್ಮ ಮಗಳು ಅರ್ಜಿ ಹಾಕಿದ ವರ್ಷ, ಬೇಸಿಗೆಯಿಂದ ಹಿಡಿದು ಅಕ್ಟೋಬರ್ 15ರ ಗಡುವಿನವರೆಗೆ ಮನೆಯಲ್ಲಿ ಚರ್ಚೆಯಾದದ್ದು ಬಹುಮಟ್ಟಿಗೆ ಈ ಒಂದೇ ಪ್ರಶ್ನೆ. ಆ ಅನುಭವದ ಮೇಲೆ, ಕಾಲೇಜು ಆರಿಸುವ ಈ ಏರ್ಪಾಡನ್ನು ಒಂದು ಸೇವೆಯೆಂದೇ ಭಾವಿಸಿ ಅದರ ಗುಣದೋಷಗಳನ್ನು ಬರೆಯುತ್ತಿದ್ದೇನೆ. ಐದಕ್ಕೆ ಮೂರೂವರೆ ಅಂಕ ಕೊಡಬಹುದು. ಉಳಿದ ಒಂದೂವರೆಯನ್ನು ಏಕೆ ಕಡಿದೆ ಎಂಬುದು ಮುಂದೆ ಬರುತ್ತದೆ.

ಮೊದಲು ತಿಳಿಯಬೇಕಾದದ್ದು, ಗಣಿತದ ಪಾಠ ಮಾಡುವುದು ಕಾಲೇಜಲ್ಲ, ವಿಶ್ವವಿದ್ಯಾಲಯದ ಗಣಿತ ವಿಭಾಗ ಎಂಬುದು. ಮೊದಲ ವರ್ಷದಲ್ಲಿ ಎಂಟು ಕೋರ್ಸುಗಳು, ಒಂದೊಂದಕ್ಕೂ 24 ಉಪನ್ಯಾಸಗಳು; ಸಂಖ್ಯೆಗಳು ಮತ್ತು ಗಣಗಳು, ಗ್ರೂಪ್‌ಗಳು, ಅವಕಲ ಸಮೀಕರಣಗಳು, ಸಂಭವನೀಯತೆ ಮುಂತಾದ ಇವೆಲ್ಲವನ್ನೂ ಎಲ್ಲ ಕಾಲೇಜುಗಳ ವಿದ್ಯಾರ್ಥಿಗಳು ಶನಿವಾರವನ್ನೂ ಬಿಡದೆ ಒಂದೇ ಸಭಾಂಗಣದಲ್ಲಿ ಕುಳಿತು ಕೇಳುತ್ತಾರೆ. ವರ್ಷದ ಕೊನೆಯಲ್ಲಿ ಎಲ್ಲರಿಗೂ ಅವೇ ನಾಲ್ಕು ಪ್ರಶ್ನೆಪತ್ರಿಕೆಗಳು. ಹೀಗಿರುವಾಗ ‘ಗಣಿತಕ್ಕೆ ಯಾವ ಕಾಲೇಜು ಚೆನ್ನಾಗಿದೆ’ ಎಂಬ ಪ್ರಶ್ನೆಯ ಅರ್ಧ ಭಾರ ಅಲ್ಲಿಯೇ ಇಳಿದುಹೋಗುತ್ತದೆ. ಡರ್ಹಮ್ ವಿಶ್ವವಿದ್ಯಾಲಯದಲ್ಲಿಯೂ ಕಾಲೇಜುಗಳಿವೆ, ಆದರೆ ಅಲ್ಲಿ ಪಾಠವೆಲ್ಲ ವಿಭಾಗದ್ದೇ ಆದ್ದರಿಂದ ಆ ಭಾರ ಪೂರ್ತಿಯಾಗಿಯೇ ಇಳಿಯುತ್ತದೆ.

ಕೇಂಬ್ರಿಡ್ಜ್‌ನಲ್ಲಿ ಉಳಿಯುವ ಇನ್ನರ್ಧದ ಹೆಸರು ಸೂಪರ್‌ವಿಷನ್. 24 ಉಪನ್ಯಾಸಗಳ ಕೋರ್ಸೊಂದಕ್ಕೆ ಸಾಮಾನ್ಯವಾಗಿ ನಾಲ್ಕು ಲೆಕ್ಕದ ಹಾಳೆಗಳು, ಅಂದರೆ ಎಕ್ಸಾಂಪಲ್ ಶೀಟ್‌ಗಳಿರುತ್ತವೆ. ಅವನ್ನು ಬಿಡಿಸಿ ಮುಂಚಿತವಾಗಿ ಒಪ್ಪಿಸಬೇಕು, ಆಮೇಲೆ ಇಬ್ಬರು ವಿದ್ಯಾರ್ಥಿಗಳು ಸೂಪರ್‌ವೈಸರ್ ಎದುರು ಒಂದು ಗಂಟೆ ಕುಳಿತು ತಾವು ಬರೆದದ್ದಕ್ಕೆ ಉತ್ತರ ಹೇಳಬೇಕು. ಇದನ್ನು ಏರ್ಪಡಿಸುವುದು ಕಾಲೇಜಿನ ಡೈರೆಕ್ಟರ್ ಆಫ್ ಸ್ಟಡೀಸ್, ಅಂದರೆ ಆ ವಿಷಯದವರ ಓದಿನ ಹೊಣೆ ಹೊತ್ತ ಅಧ್ಯಾಪಕರು. ಜುಲೈ ತಿಂಗಳ ಓಪನ್ ಡೇಯಲ್ಲಿ (ಅರ್ಜಿ ಹಾಕುವವರು ಕಾಲೇಜು ನೋಡಲು ಬರುವ ದಿನ) ಒಬ್ಬ ವಿದ್ಯಾರ್ಥಿನಿ ತನ್ನ ಹಳೆಯ ಶೀಟೊಂದನ್ನು ಮಗಳಿಗೆ ತೋರಿಸಿದಳು. ಅದರಲ್ಲಿ ಏಳನೆಯ ಲೆಕ್ಕದ ಉತ್ತರ ಮೂರೇ ಸಾಲು. ಎರಡನೆಯ ಸಾಲಿನಲ್ಲಿದ್ದ ‘ಸ್ಪಷ್ಟವಾಗಿ’ ಎಂಬ ಪದಕ್ಕೆ ಯಾರೋ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ‘ಏಕೆ?’ ಎಂದು ಬರೆದಿದ್ದರು. ಆ ಒಂದು ಪದವನ್ನು ಸಮರ್ಥಿಸಲು ಇಪ್ಪತ್ತು ನಿಮಿಷ ಹಿಡಿಯಿತಂತೆ. ಕಾಲೇಜಿನಿಂದ ಸಿಗುವ ನಿಜವಾದ ಸರಕು ಇದೇ ಎಂದು ನನಗೆ ಅನ್ನಿಸಿದ್ದು ಆಗ, ಮತ್ತು ನಾನು ಕೊಟ್ಟ ಅಂಕಗಳಲ್ಲಿ ಬಹುಪಾಲು ಇದಕ್ಕೇ ಸಲ್ಲುತ್ತದೆ. ಸೂಪರ್‌ವೈಸರ್ ಹಿರಿಯ ಪ್ರಾಧ್ಯಾಪಕರೇ ಆಗಿರುತ್ತಾರೆಂದು ಭಾವಿಸಬೇಕಾಗಿಲ್ಲ. ಪಿಎಚ್‌ಡಿ ಮಾಡುತ್ತಿರುವವರೂ ಇರುತ್ತಾರೆ, ಮತ್ತು ಆ ಶೀಟುಗಳೊಡನೆ ತಾವೇ ಗುದ್ದಾಡಿದ ನೆನಪು ಅವರಲ್ಲಿ ಇನ್ನೂ ಹಸಿಯಾಗಿರುವುದು ಒಂದು ಅನುಕೂಲವೇ.

ಇನ್ನು ಟ್ರಿನಿಟಿ ಕಾಲೇಜಿನ ಮಾತು. ಊರಿನಿಂದ ಫೋನ್ ಮಾಡಿದ ಅಜ್ಜ ಮೊಮ್ಮಗಳಿಗೆ ಹೇಳಿದ್ದು ಒಂದೇ: “ಹಾಕೋದಾದ್ರೆ ಟ್ರಿನಿಟಿಗೇ ಹಾಕು ಪುಟ್ಟಿ, ರಾಮಾನುಜನ್ ಇದ್ದ ಕಾಲೇಜು.” ಅದು ನಿಜ, 1914ರಲ್ಲಿ ಅಲ್ಲಿನ ಗಣಿತಜ್ಞ ಹಾರ್ಡಿಯವರ ಕರೆಗೆ ಓಗೊಟ್ಟು ಬಂದ ರಾಮಾನುಜನ್ 1918ರಲ್ಲಿ ಅದೇ ಕಾಲೇಜಿನ ಫೆಲೋ (ವಿದ್ವತ್ ಸದಸ್ಯ) ಆದರು. ಇಂದಿಗೂ ಗಣಿತದ ವಿದ್ಯಾರ್ಥಿಗಳು ಅತಿ ಹೆಚ್ಚು ಇರುವುದು ಅಲ್ಲಿಯೇ: ವರ್ಷಕ್ಕೆ ಸುಮಾರು 40 ಮಂದಿ, ಬೇರೆ ಅನೇಕ ಕಾಲೇಜುಗಳಲ್ಲಿ ಆ ಸಂಖ್ಯೆ ಹತ್ತನ್ನೂ ಮುಟ್ಟುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಲೆಕ್ಕವೊಂದು ಬಿಡಿಸಲಾಗದೆ ಕುಳಿತಾಗ ಅದೇ ಮೆಟ್ಟಿಲಿನ ಮೂರು ಬಾಗಿಲು ತಟ್ಟಬಹುದು ಎಂಬುದು ಸಣ್ಣ ಸೌಲಭ್ಯವಲ್ಲ. ಆದರೆ ಸುತ್ತಲೂ ಒಲಿಂಪಿಯಾಡ್ ಪದಕದವರೇ ಇರುವಲ್ಲಿ ಅರಳುವ ಮಕ್ಕಳಿದ್ದಾರೆ, ಬಾಡುವ ಮಕ್ಕಳೂ ಇದ್ದಾರೆ. ನಿಮ್ಮ ಮನೆಯಲ್ಲಿರುವುದು ಯಾವ ಬಗೆ ಎಂಬುದು ಕಾಲೇಜಿನ ಕೀರ್ತಿಗಿಂತ ಮುಖ್ಯ. ನಮ್ಮವಳಿಗೆ ಇತಿಹಾಸ ಓದುವವರ, ಸಂಗೀತ ಓದುವವರ ನಡುವೆ ಊಟಕ್ಕೆ ಕೂರುವುದು ಬೇಕಾಗಿತ್ತು.

ಎಲ್ಲಿ ಪೈಪೋಟಿ ಕಡಿಮೆಯೋ ಅಲ್ಲಿಗೆ ಅರ್ಜಿ ಹಾಕಿ ನುಸುಳಿಬಿಡೋಣ ಎಂಬ ಲೆಕ್ಕಾಚಾರದಲ್ಲಿ ನಾನೂ ಎರಡು ವಾರ ಕಳೆದೆ. ಕಾಲೇಜುವಾರು ಅರ್ಜಿಗಳ ಸಂಖ್ಯೆಯನ್ನು ಸೀಟುಗಳಿಂದ ಭಾಗಿಸಿ ಒಂದು ಪಟ್ಟಿಯನ್ನೇ ಮಾಡಿದ್ದೆ. ಅದು ನಿರರ್ಥಕವೆಂದು ತಿಳಿದದ್ದು ಪೂಲ್ ಎಂಬ ಪದ್ಧತಿ ಅರ್ಥವಾದಾಗ. ಡಿಸೆಂಬರ್‌ನಲ್ಲಿ ಸಂದರ್ಶನ ಮುಗಿದ ಮೇಲೆ, ಒಂದು ಕಾಲೇಜಿನಲ್ಲಿ ಸ್ಥಳ ಸಾಲದೆ ಉಳಿದ ಒಳ್ಳೆಯ ಅರ್ಜಿಗಳನ್ನು ಜನವರಿಯಲ್ಲಿ ಉಳಿದೆಲ್ಲ ಕಾಲೇಜುಗಳ ಮುಂದಿಡುತ್ತಾರೆ; ಪ್ರತಿವರ್ಷ ನೂರಾರು ಮಂದಿಗೆ ತಾವು ಕೇಳದ ಕಾಲೇಜಿನಿಂದ ಆಫರ್ ಬರುವುದು ಹೀಗೆ. ಯಾವ ಕಾಲೇಜನ್ನೂ ತಾವೇ ಆರಿಸಲು ಬಯಸದವರು ಯೂಕಾಸ್ (ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಸಾಮಾನ್ಯ ವ್ಯವಸ್ಥೆ) ಅರ್ಜಿಯಲ್ಲಿ ಕಾಲೇಜಿನ ಸಂಕೇತದ ಜಾಗದಲ್ಲಿ 9 ಎಂದು ಬರೆದು ಓಪನ್ ಅಪ್ಲಿಕೇಶನ್ ಹಾಕಬಹುದು; ಆಗ ಆ ವರ್ಷ ಕಡಿಮೆ ಅರ್ಜಿ ಬಂದ ಕಾಲೇಜಿಗೆ ಕಂಪ್ಯೂಟರೇ ಹಂಚುತ್ತದೆ. ಹಂಚಿದ ಮೇಲೆ ಅದೇ ನಿಮ್ಮ ಕಾಲೇಜು, ಬದಲಾವಣೆಯಿಲ್ಲ. ಆರಿಸಿ ಕಳುಹಿಸಿದವರಿಗೂ ಅದೇ ನಿಯಮ. ಅರ್ಧ ಅಂಕವನ್ನು ನಾನು ಕಡಿದದ್ದು ಇದಕ್ಕೆ.

ಯಾವ ಕಾಲೇಜಾದರೂ ತಪ್ಪದ್ದು ಸ್ಟೆಪ್ ಎಂಬ ಗಣಿತದ ಪ್ರವೇಶ ಪರೀಕ್ಷೆ. ಆಫರ್ ಬಂದರೂ ಸಾಮಾನ್ಯವಾಗಿ ಜೂನ್‌ನಲ್ಲಿ ಅದರ 2 ಮತ್ತು 3ನೆಯ ಪತ್ರಿಕೆಗಳೆರಡರಲ್ಲೂ 1ನೆಯ ದರ್ಜೆ ಪಡೆಯಬೇಕೆಂಬ ಷರತ್ತಿರುತ್ತದೆ. ಒಂದೊಂದು ಪತ್ರಿಕೆಗೂ ಮೂರು ಗಂಟೆ, 12 ಪ್ರಶ್ನೆ, ಚೆನ್ನಾಗಿ ಬಿಡಿಸಿದ ಆರಕ್ಕೆ ಮಾತ್ರ ಅಂಕ. ಇಲ್ಲಿ ಮುಗ್ಗರಿಸುವವರು ಬಹಳ ಮಂದಿ ಇರುವುದರಿಂದಲೇ ಗಣಿತದಲ್ಲಿ ಸೀಟುಗಳಿಗಿಂತ ಹೆಚ್ಚು ಆಫರ್‌ಗಳನ್ನು ಕೊಡುತ್ತಾರೆ. ನಾನು ಪಟ್ಟಿ ಮಾಡಲು ಕಳೆದ ಎರಡು ವಾರವನ್ನು ವಿಶ್ವವಿದ್ಯಾಲಯವೇ ಉಚಿತವಾಗಿ ಕೊಡುವ ಸ್ಟೆಪ್ ಸಪೋರ್ಟ್ ಪ್ರೋಗ್ರಾಮ್ ನೋಡುವುದರಲ್ಲಿ ಕಳೆದಿದ್ದರೆ ಮಗಳಿಗೆ ಹೆಚ್ಚು ಉಪಕಾರವಾಗುತ್ತಿತ್ತು.

ದೂರದ ವಿಚಾರದಲ್ಲಿ ಗಣಿತದವರ ನಕ್ಷೆಯೇ ಬೇರೆ. ಊರಾಚೆ ಎರಡೂವರೆ ಮೈಲಿ ದೂರವೆಂದು ಎಲ್ಲರೂ ಹಿಂಜರಿಯುವ ಗರ್ಟನ್ ಕಾಲೇಜು, ವಿಲ್ಬರ್‌ಫೋರ್ಸ್ ರಸ್ತೆಯಲ್ಲಿರುವ, ಗಣಿತ ವಿಭಾಗದ ನೆಲೆಯಾದ ಗಣಿತ ಕೇಂದ್ರಕ್ಕೆ ಅಷ್ಟೇನೂ ದೂರವಲ್ಲ. ಚರ್ಚಿಲ್ ಕಾಲೇಜಿನಿಂದಂತೂ ನಡೆದೇ ಹೋಗಬಹುದು. 1993ರ ಜೂನ್‌ನಲ್ಲಿ ಆಂಡ್ರ್ಯೂ ವೈಲ್ಸ್ ಫರ್ಮಾ ಎಂಬ ಗಣಿತಜ್ಞನ ಕೊನೆಯ ಪ್ರಮೇಯಕ್ಕೆ ಸಾಧನೆ (ಪುರಾವೆ) ದೊರೆತಿದೆಯೆಂದು ಘೋಷಿಸಿದ ನ್ಯೂಟನ್ ಇನ್‌ಸ್ಟಿಟ್ಯೂಟ್ ಕೂಡ ಆ ಕೇಂದ್ರದ ಮಗ್ಗುಲಲ್ಲೇ ಇದೆ. ಬಾಡಿಗೆ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಹೊರದೇಶದಿಂದ ಬರುವವರು ಬೋಧನಾ ಶುಲ್ಕದ ಮೇಲೆ ಪ್ರತ್ಯೇಕವಾಗಿ ಕಾಲೇಜು ಶುಲ್ಕವನ್ನೂ ಕಟ್ಟಬೇಕಾಗುತ್ತದೆ, ಮತ್ತು ಅದು ಎಲ್ಲ ಕಡೆ ಒಂದೇ ಅಲ್ಲ. ಕೂಡಿ ಕಳೆದು ನೋಡುವುದು ಒಳ್ಳೆಯದು.

ಉಳಿದ ಒಂದು ಅಂಕವನ್ನು ಕಡಿದದ್ದು ಮಾಹಿತಿಯ ಕೊರತೆಗೆ. ಹೆಸರು ಬೇಡವಾದ ಒಂದು ಕಾಲೇಜಿನಲ್ಲಿ, ಮೊದಲ ವರ್ಷದಲ್ಲಿ ಗಣಿತ ಓದುವವರು ಎಷ್ಟು ಮಂದಿ, ಸೂಪರ್‌ವಿಷನ್ ಕಾಲೇಜಿನ ಒಳಗೇ ನಡೆಯುತ್ತದೆಯೇ, ಹೊರಗಿನವರ ಬಳಿ ಕಳುಹಿಸುತ್ತೀರಾ ಎಂದು ಕೇಳಿದೆ. ಮೇಜಿನ ಹಿಂದಿದ್ದವರು ನಗುತ್ತಲೇ ದೋಣಿ ಸ್ಪರ್ಧೆಯ ಚಿತ್ರವಿದ್ದ ಹೊಳಪು ಕಾಗದದ ಪುಸ್ತಿಕೆಯೊಂದನ್ನು ಕೈಗಿತ್ತರು. ಮತ್ತೊಂದು ಕಾಲೇಜಿನಲ್ಲಿ ಅದೇ ಎರಡು ಪ್ರಶ್ನೆಗಳಿಗೆ ಡೈರೆಕ್ಟರ್ ಆಫ್ ಸ್ಟಡೀಸ್ ತಾವೇ ನಿಂತು ಎರಡು ವಾಕ್ಯಗಳಲ್ಲಿ ಉತ್ತರ ಕೊಟ್ಟರು; ಮಗಳು ಅಲ್ಲಿಗೇ ಅರ್ಜಿ ಹಾಕಿದಳು.

ಜನವರಿಯಲ್ಲಿ ಆಫರ್ ಬಂದದ್ದು ಪೂಲ್ ಮೂಲಕ, ಬೇರೆಯದೇ ಕಾಲೇಜಿನಿಂದ. ನನ್ನ ಪಟ್ಟಿ ತೆಗೆದು ನೋಡಿದೆವು. ಅದು 17ನೆಯ ಸಾಲಿನಲ್ಲಿತ್ತು, ಷರಾ ಕಾಲಮ್ಮಿನಲ್ಲಿ ‘ಹೋಗಿಲ್ಲ, ಸಮಯವಾಗಲಿಲ್ಲ’ ಎಂದು ನಾನೇ ಬರೆದಿದ್ದೆ.