ಲ್ಯಾಝರಸ್: ನೋಡಲು ಹಳತು, ಕೆಲಸಕ್ಕೆ ಗಟ್ಟಿ

ಲ್ಯಾಝರಸ್ ಅಂದರೆ ಐಡಿಇ, ಅಂದರೆ ಪ್ರೋಗ್ರಾಮು ಬರೆದು ಕಟ್ಟುವ ಸಾಫ್ಟ್‌ವೇರ್. ಮೊದಲ ಸಲ ತೆರೆದವರು ಅದನ್ನು ನೋಡಿ ಮೂಗು ಮುರಿಯುತ್ತಾರೆ. ಚಿಕ್ಕ ಚಿಕ್ಕ ಐಕಾನು, ಹಳೆ ಕಾಲದ ಕಿಟಕಿಗಳು. ಇರಲಿ. ಬಾಗಲಕೋಟೆಯ ನವನಗರದಲ್ಲಿ ಕೂತು ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ನನಗೆ ಇದಕ್ಕಿಂತ ಒಳ್ಳೆ ಐಡಿಇ ಸಿಕ್ಕಿಲ್ಲ.

ಇದರ ಬೆನ್ನಿಗೆ ಇರುವುದು ಫ್ರೀ ಪ್ಯಾಸ್ಕಲ್ ಕಂಪೈಲರ್, ಅಂದರೆ ಪ್ಯಾಸ್ಕಲ್ ಭಾಷೆಯ ಕೋಡನ್ನು ಓಡುವ ಪ್ರೋಗ್ರಾಮಾಗಿ ಬದಲಿಸುವ ಸಾಧನ. ಲ್ಯಾಝರಸ್ 1999ರಲ್ಲಿ ಶುರುವಾದ ಯೋಜನೆ, ಅದರ 1.0 ಆವೃತ್ತಿ ಬಂದಿದ್ದು 2012ರಲ್ಲಿ. ಪ್ಯಾಸ್ಕಲ್‌ನದೇ ಇನ್ನೊಂದು ಐಡಿಇ ಆದ ಡೆಲ್ಫಿ ಬಳಸಿದವರಿಗೆ ಮನೆಗೆ ಬಂದ ಹಾಗೆ. ಪೂರ್ತಿ ಉಚಿತ, ಇದರಲ್ಲಿ ಮಾಡಿದ್ದನ್ನು ಮಾರಲೂ ಅಡ್ಡಿಯಿಲ್ಲ.

ಇಳಕಲ್ಲಿನ ಸೀರೆ ಅಂಗಡಿಯ ಸ್ಟಾಕ್ ಪ್ರೋಗ್ರಾಮನ್ನೇ ತಗೊಳ್ಳಿ. ಕೌಂಟರಿನಲ್ಲಿ ಹಳೆ ವಿಂಡೋಸ್, ಒಳಗೆ ಉಬುಂಟು ಲ್ಯಾಪ್‌ಟಾಪ್. ಫಾರ್ಮ್ (ಪ್ರೋಗ್ರಾಮಿನ ಕಿಟಕಿ) ಮೇಲೆ ಒಂದು ಗ್ರಿಡ್, ಅಂದರೆ ಸಾಲು-ಕಾಲಂಗಳ ಕೋಷ್ಟಕ, ಎಳೆದಿಟ್ಟೆ, ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ಜೋಡಿಸಿದೆ. ಗೋಮಿ, ಪರಾಸಪೇಟ, ಗಾಡಿ ಎಂದು ದಡಿಗೊಂದು ಸಾಲು. ಆರು ವಾರಿಯೋ ಒಂಬತ್ತು ವಾರಿಯೋ ಎಂಬುದಕ್ಕೆ ಒಂದು ಕಾಲಂ. ಅದೇ ಕೋಡನ್ನು ಎರಡೂ ಕಡೆ ಕಂಪೈಲ್ ಮಾಡಿದರೆ ಆಯಿತು. ಪ್ರೋಗ್ರಾಮು ಓಡಲು ಮೊದಲು ಜಾವಾ ಹಾಕು, ಡಾಟ್‌ನೆಟ್ ಹಾಕು ಅನ್ನೋ ರಗಳೆಯೇ ಇಲ್ಲ. ವಿಂಡೋಸ್‌ನಲ್ಲಿ ಎಸ್‌ಕ್ಯೂಲೈಟಿನ ಡಿಎಲ್ಎಲ್ (ಅದರ ಲೈಬ್ರರಿ ಫೈಲು) ಮಾತ್ರ ಇಎಕ್ಸ್‌ಇ (ಪ್ರೋಗ್ರಾಮಿನ ಫೈಲು) ಪಕ್ಕ ಇಡಬೇಕು. ಪ್ರೋಗ್ರಾಮು 32 ಬಿಟ್ ಇದ್ದರೆ ಅದೂ 32 ಬಿಟ್ಟೇ ಇರಬೇಕು, ಇಲ್ಲದಿದ್ದರೆ ಜಪ್ಪಯ್ಯ ಅಂದರೂ ಓಡಲ್ಲ. “ಸರ, ಗೋಮಿ ದಡೀವು ಎಷ್ಟ್ ಉಳದಾವ್ರಿ?” ಎಂದು ಯಾರಾದರೂ ಕೇಳಿದರೆ ಗುಮಾಸ್ತರು ಈಗ ಕಪಾಟು ತಡಕುವುದಿಲ್ಲ, ಗ್ರಿಡ್ಡಿನಲ್ಲೇ ನೋಡಿಕೊಳ್ಳುತ್ತಾರೆ.

ಬಟನ್, ಪಟ್ಟಿ ಎಲ್ಲ ಆಯಾ ಸಿಸ್ಟಂನವೇ ಆದ್ದರಿಂದ ಲೇಬಲ್‌ಗಳಲ್ಲಿ ಕನ್ನಡ ಒತ್ತಕ್ಷರಗಳು ಚೆನ್ನಾಗಿ ಬರುತ್ತವೆ. ಕೋಡ್ ಬರೆಯುವ ಎಡಿಟರಿನಲ್ಲಿ ಮಾತ್ರ ಅಕ್ಷರಗಳು ಚೆಲ್ಲಾಪಿಲ್ಲಿ. ಅದಕ್ಕೇ ಕನ್ನಡ ಪದಗಳನ್ನೆಲ್ಲ ಬೇರೆ ಫೈಲಿನಲ್ಲಿಟ್ಟು ಓದಿಸುತ್ತೇನೆ.

ಲಿನಕ್ಸಿನಲ್ಲಿ ಫಾಂಟ್ ಅಗಲ ಬೇರೆ, ವಿಂಡೋಸ್‌ನಲ್ಲಿ ಸರಿ ಕೂತ ಲೇಬಲ್ ಅಲ್ಲಿ ತುದಿ ಕತ್ತರಿಸಿಕೊಳ್ಳುತ್ತದೆ. ಅಕ್ಷರಕ್ಕೆ ತಕ್ಕಂತೆ ಅಳತೆ ಬದಲಿಸುವ ಆಟೋಸೈಜ್, ಅಂಚಿಗೆ ಕಟ್ಟಿಹಾಕುವ ಆ್ಯಂಕರ್ ಮೊದಲಿನಿಂದಲೇ ಬಳಸಿ. ಐಡಿಇಯ ಬಿಡಿಬಿಡಿ ಕಿಟಕಿ ಕಿರಿಕಿರಿ ಅನಿಸಿದರೆ ಅವನ್ನು ಒಂದಕ್ಕೊಂದು ಜೋಡಿಸುವ ಆ್ಯಂಕರ್‌ಡಾಕಿಂಗ್ ಪ್ಯಾಕೇಜ್ ಹಾಕಿಕೊಳ್ಳಿ. ಆಗ ಐಡಿಇ ತನ್ನನ್ನೇ ತಾನು ಮತ್ತೆ ಕಂಪೈಲ್ ಮಾಡಿಕೊಂಡು ಎದ್ದು ಬರುತ್ತದೆ. ಅದನ್ನು ನೋಡೋದೇ ಒಂದು ಮಜಾ.

ಮೊಬೈಲ್ ಆ್ಯಪ್ ಬೇಕಾದವರು ಸುಮ್ನೆ ಆ್ಯಪ್ ಕಟ್ಟುವ ಸಾಧನವಾದ ಫ್ಲಟರ್ ಹಿಡಿಯಿರಿ. ಲ್ಯಾಝರಸ್‌ನಿಂದ ಆಂಡ್ರಾಯ್ಡ್‌ಗೂ ದಾರಿ ಇದೆ, ಆದರೆ ಕೆಲಸಕ್ಕಿಂತ ಹೆಣಗಾಟವೇ ಜಾಸ್ತಿ.